ಗಡಿಯಾರದ ಪಕ್ಕದ ಪುಟ್ಟ ಗುರುತು, ಅದನ್ನು ಕಾಯುವ ಕೈಗಳು

ಲಿನಕ್ಸ್ ಬಳಸುವವರ ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ವೈಫೈ ಗುರುತೊಂದು ಕೂತಿರುತ್ತದೆ. ಒತ್ತಿದರೆ ಸುತ್ತಲಿನ ವೈಫೈಗಳ ಪಟ್ಟಿ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಕೊಟ್ಟರೆ ಇಂಟರ್ನೆಟ್ ಬರುತ್ತದೆ. ಈ ಪುಟ್ಟ ತಂತ್ರಾಂಶಕ್ಕೆ ನೆಟ್‌ವರ್ಕ್ ಟ್ರೇ ಆಪ್ಲೆಟ್ ಎಂದು ಹೆಸರು. ಅದನ್ನು ಬರೆಯುವವರು ಒಬ್ಬರಾದರೆ, ನಮ್ಮ ಲಿನಕ್ಸ್‌ಗೆ ಹೊಂದುವಂತೆ ಕಟ್ಟಿಕೊಡುವವರು ಬಹುಪಾಲು ಇನ್ನೊಬ್ಬರು. ಈ ಎರಡನೆಯವರೇ ಪ್ಯಾಕೇಜ್ ಮೇಂಟೇನರ್. ಸಮುದಾಯವೇ ನಡೆಸುವ ಲಿನಕ್ಸ್‌ಗಳಲ್ಲಿ ಇವರಲ್ಲಿ ಹೆಚ್ಚಿನವರಿಗೆ ಸಂಬಳವಿಲ್ಲ.

ವೈಫೈ ಜೋಡಿಸುವ ಕೆಲಸವನ್ನು ಆಪ್ಲೆಟ್ ತಾನೇ ಮಾಡುವುದಿಲ್ಲ. ತೆರೆಮರೆಯಲ್ಲಿ ಸದಾ ಓಡುತ್ತಿರುವ ಬೇರೊಂದು ತಂತ್ರಾಂಶ ಅದನ್ನು ಮಾಡುತ್ತದೆ. ಹೆಚ್ಚು ಬಳಕೆಯಲ್ಲಿರುವುದು ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಆರಂಭಿಸಿದ ನೆಟ್‌ವರ್ಕ್‌ಮ್ಯಾನೇಜರ್. ಸಣ್ಣ ಸಾಧನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಟೆಲ್ ಶುರುಮಾಡಿದ ಕಾನ್‌ಮ್ಯಾನ್ ಇನ್ನೊಂದು. ಆಪ್ಲೆಟ್ ಡಿ-ಬಸ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಇವುಗಳ ಜೊತೆ ಮಾತಾಡುತ್ತದೆ, ಬೇಕಾದಾಗ ನಮ್ಮಿಂದ ಪಾಸ್‌ವರ್ಡ್ ಕೇಳಿ ಮುಟ್ಟಿಸುತ್ತದೆ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳಿಗೆ ತಮ್ಮದೇ ವೈಫೈ ಗುರುತುಗಳಿವೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರಾಗಿ ಓಡುವ ಎಕ್ಸ್‌ಎಫ್‌ಸಿಇ, ಐ3, ಓಪನ್‌ಬಾಕ್ಸ್ ಬಳಸುವವರಿಗೆ ಎನ್‌ಎಂ-ಆಪ್ಲೆಟ್, ಸಿಎಂಎಸ್‌ಟಿ ಮುಂತಾದ ಆಪ್ಲೆಟ್‌ಗಳೇ ಆಸರೆ.

2002ರಲ್ಲಿ ಹುಟ್ಟಿದ, ಸಮುದಾಯವೇ ನಡೆಸುವ ಆರ್ಚ್ ಲಿನಕ್ಸ್‌ನಲ್ಲಿ ಎನ್‌ಎಂ-ಆಪ್ಲೆಟ್ ಅಧಿಕೃತ ಭಂಡಾರದಲ್ಲೇ ಸಿಗುತ್ತದೆ. ಕಾನ್‌ಮ್ಯಾನ್ ಜೊತೆ ಕೆಲಸ ಮಾಡುವ ಸಿಎಂಎಸ್‌ಟಿ ಬೇಕಾದರೆ ಬಳಕೆದಾರರದೇ ಭಂಡಾರಕ್ಕೆ, ಅಂದರೆ ಎಯುಆರ್‌ಗೆ, ಹೋಗಬೇಕು. ಅಲ್ಲಿ ಇಡುವುದು ಸಿದ್ಧ ತಂತ್ರಾಂಶವನ್ನಲ್ಲ, ಅಡುಗೆ ಮಾಡುವ ಬಗೆಯನ್ನು ಬರೆದಿಟ್ಟ ಚೀಟಿಯಂಥ ಒಂದು ಕಡತವನ್ನು. ಅದರ ಹೆಸರು ಪಿಕೆಜಿಬಿಲ್ಡ್. ತಂತ್ರಾಂಶದ ಮೂಲ ಕೋಡ್ ಎಲ್ಲಿಂದ ತರಬೇಕು, ಯಾವ ಆವೃತ್ತಿ, ಯಾವ್ಯಾವ ಲೈಬ್ರರಿಗಳು ಬೇಕು, ಹೇಗೆ ಕಟ್ಟಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಬಳಸುವವರು ಅದನ್ನು ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳುತ್ತಾರೆ.

ಕಡತ ಒಂದೆರಡು ಪುಟದ್ದು. ಒಮ್ಮೆ ಬರೆಯುವುದು ಸುಲಭ, ವರ್ಷಗಟ್ಟಲೆ ಸರಿಯಾಗಿ ಇಟ್ಟುಕೊಳ್ಳುವುದು ಕಷ್ಟ. ಹೊಸ ಆವೃತ್ತಿ ಬಂದೊಡನೆ ಸಂಖ್ಯೆ ಬದಲಿಸಬೇಕು. ಇಳಿಸಿದ ಮೂಲ ಹಾದಿಯಲ್ಲಿ ಕೆಟ್ಟಿಲ್ಲವೆಂದು ತೋರಿಸುವ, ಸಾಮಾನ್ಯವಾಗಿ 64 ಅಕ್ಷರಗಳ ಚೆಕ್‌ಸಮ್ ಹೊಸದಾಗಿ ಹಾಕಬೇಕು. ಏನೂ ಇಲ್ಲದ ಶುಚಿಯಾದ ಪರಿಸರದಲ್ಲಿ ಕಟ್ಟಿ ನೋಡಬೇಕು. ಮೇಂಟೇನರ್ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಲೈಬ್ರರಿಯೊಂದು ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ಅವರಿಗೆ ಅದು ಗೊತ್ತೇ ಆಗುವುದಿಲ್ಲ, ಎಡವುವವರು ಬಳಸುವವರು.

ಟ್ರೇ ಆಪ್ಲೆಟ್‌ಗೆ ಇನ್ನೂ ಒಂದು ತಲೆನೋವಿದೆ: ಅದು ಕೂರುವ ಜಾಗವೇ, ಅಂದರೆ ಟ್ರೇಯೇ, ಬದಲಾಗುತ್ತಿದೆ. ಹಳೆಯ ಎಕ್ಸ್‌ಎಂಬೆಡ್ ಪದ್ಧತಿಯಲ್ಲಿ ಗುರುತು ಎಂದರೆ ಪರದೆಯಂಚಿನ ಪಟ್ಟಿಯೊಳಗೆ ಕೂರಿಸಿದ ಪುಟಾಣಿ ಕಿಟಕಿ. ಹೊಸ ಸ್ಟೇಟಸ್‌ನೋಟಿಫೈಯರ್ ಪದ್ಧತಿಯಲ್ಲಿ ಆಪ್ಲೆಟ್ ವಿವರ ಕಳಿಸುತ್ತದೆ, ಗುರುತನ್ನು ಬಿಡಿಸುವುದು ಪಟ್ಟಿಯ ಕೆಲಸ. ಗ್ನೋಮ್ 2017ರ 3.26 ಆವೃತ್ತಿಯಲ್ಲಿ ಹಳೆಯ ಟ್ರೇಯನ್ನೇ ಕೈಬಿಟ್ಟಿತು. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್ ಬಂದ ಮೇಲಂತೂ ಹೊಸ ಪದ್ಧತಿಗೇ ಬೆಲೆ. ಎನ್‌ಎಂ-ಆಪ್ಲೆಟ್‌ನಲ್ಲಿ ಇದರ ಬೆಂಬಲವನ್ನು ಕಟ್ಟುವಾಗಲೇ ಸೇರಿಸಬೇಕು. ಸೇರಿಸುವುದೋ ಬಿಡುವುದೋ ಎಂದು ತೀರ್ಮಾನಿಸುವವರು ಮೇಂಟೇನರ್.

ನೋಡಿಕೊಳ್ಳುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ವಿಕ್ಡ್ ಉದಾಹರಣೆ. ಒಂದು ಕಾಲಕ್ಕೆ ನೆಟ್‌ವರ್ಕ್‌ಮ್ಯಾನೇಜರ್‌ಗೆ ಬದಲಿಯಾಗಿ ಹಲವರು ಮೆಚ್ಚಿದ್ದ ಇದನ್ನು ಪೈಥಾನ್ 2ರಲ್ಲಿ ಬರೆದಿದ್ದರು. ಆ ಭಾಷೆಯ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಹೊಸ ಪೈಥಾನ್‌ಗೆ ಹೊತ್ತಿಗೆ ಸರಿಯಾಗಿ ದಾಟಿಸುವವರು ಸಿಗಲಿಲ್ಲ. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನ 2021ರ 11ನೇ ಆವೃತ್ತಿಯಲ್ಲಿ ವಿಕ್ಡ್‌ಗೆ ಜಾಗವಿರಲಿಲ್ಲ.

ವಾರಸುದಾರರಿಲ್ಲದ ಪ್ಯಾಕೇಜ್ ಅಪಾಯಕ್ಕೂ ದಾರಿ. ಎಯುಆರ್‌ನಲ್ಲಿ ಯಾರೂ ನೋಡಿಕೊಳ್ಳದ ಪ್ಯಾಕೇಜನ್ನು ಯಾರು ಬೇಕಾದರೂ ವಹಿಸಿಕೊಳ್ಳಬಹುದು. 2018ರ ಜುಲೈನಲ್ಲಿ ಪಿಡಿಎಫ್ ಓದುವ ತಂತ್ರಾಂಶವೊಂದರ ಅನಾಥ ಪ್ಯಾಕೇಜನ್ನು ಅಪರಿಚಿತರೊಬ್ಬರು ಹೀಗೇ ವಹಿಸಿಕೊಂಡು, ಕಂಪ್ಯೂಟರಿನ ವಿವರ ಕದಿಯುವ ಸಾಲುಗಳನ್ನು ತುರುಕಿದ್ದರು. ಗೊತ್ತಾದ ಕೂಡಲೇ ಆ ಸಾಲುಗಳನ್ನು ತೆಗೆದುಹಾಕಲಾಯಿತು. ಪಾಸ್‌ವರ್ಡ್ ಕೇಳುವ ಆಪ್ಲೆಟ್‌ನಲ್ಲಿ ಇಂಥದ್ದು ನಡೆದರೆ ಹಾನಿ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಹೀಗಾಗಿ ಒಳ್ಳೆಯ ಮೇಂಟೇನರ್ ಬಿಡುವಾಗಲೂ ಸುಮ್ಮನೆ ಮಾಯವಾಗುವುದಿಲ್ಲ; ಸಹ ಮೇಂಟೇನರ್ ಒಬ್ಬರನ್ನು ಮೊದಲೇ ಸೇರಿಸಿಕೊಂಡು, ಜವಾಬ್ದಾರಿ ಒಪ್ಪಿಸಿ ಹೋಗುತ್ತಾರೆ.

ಈ ಕೆಲಸಕ್ಕೆ ದೊಡ್ಡ ಪ್ರೋಗ್ರಾಮರ್ ಆಗಿರಬೇಕಿಲ್ಲ. ಶೆಲ್ ಸ್ಕ್ರಿಪ್ಟ್ ಓದಲು ಬರಬೇಕು, ಕಡತಗಳ ಬದಲಾವಣೆ ದಾಖಲಿಸುವ ಗಿಟ್ ಗೊತ್ತಿರಬೇಕು, ತಾಳ್ಮೆ ಇರಬೇಕು. ಎನ್‌ಎಂ-ಆಪ್ಲೆಟ್‌ಗೆ ಕನ್ನಡದ ಅನುವಾದವೂ ಇದೆ; ಹೊಸ ಆವೃತ್ತಿಗಳ ಸಾಲುಗಳನ್ನು ಅದಕ್ಕೆ ಸೇರಿಸುತ್ತ ಹೋಗುವುದೂ ಇದೇ ಜಾತಿಯ ಸೇವೆ. ನೀವು ಆರ್ಚ್ ಬಳಸುವವರಾದರೆ ಇಷ್ಟಾದರೂ ಮಾಡಿ: ಎಯುಆರ್‌ನಿಂದ ಏನನ್ನೇ ಹಾಕಿಕೊಳ್ಳುವ ಮೊದಲು ಪಿಕೆಜಿಬಿಲ್ಡ್ ತೆರೆದು ಓದಿ. ಆವೃತ್ತಿ ಹಳತಾಗಿದ್ದರೆ ಹಾಗೆಂದು ಗುರುತು ಹಾಕಿ. ದಿನವೂ ಬಳಸುವ ಪ್ಯಾಕೇಜ್‌ಗೆ ದಿಕ್ಕಿಲ್ಲವೆಂದು ಕಂಡರೆ, ನೀವೇ ವಹಿಸಿಕೊಳ್ಳಲು ಹಿಂಜರಿಯಬೇಡಿ.