ಚಿಕ್ಕೋಡಿ ಗಡಿಭಾಗದಲ್ಲಿ ಡಿಜಿಟಲ್ ಯುಗದ ಸಂಗಾತಿ ಹುಡುಕಾಟ

ಡಿಜಿಟಲ್ ಯುಗದ ಸಂಗಾತಿ ಹುಡುಕಾಟ ಎಂದರೆ ಮೊಬೈಲ್ ಫೋನ್, ವಿವಾಹ ಜಾಲತಾಣ, ಸಾಮಾಜಿಕ ಜಾಲತಾಣ ಹಾಗೂ ಡೇಟಿಂಗ್ ಆ್ಯಪ್‌ಗಳ ನೆರವಿನಿಂದ ಒಲವಿನ ಜೊತೆಗಾರರನ್ನು ಅಥವಾ ಬಾಳಸಂಗಾತಿಯನ್ನು ಅರಸುವ ಕ್ರಮ. ಬೆಳಗಾವಿ ಜಿಲ್ಲೆಯ ಉತ್ತರ ಮತ್ತು ವಾಯವ್ಯ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಕ್ರಮವು ಬೆಂಗಳೂರು, ಪುಣೆಗಳಂತಹ ಮಹಾನಗರಗಳಲ್ಲಿ ಕಾಣುವುದಕ್ಕಿಂತ ಬೇರೆಯಾದ ರೂಪವನ್ನು ತಳೆದಿದೆ. ಮಹಾನಗರದಲ್ಲಿ ಆ್ಯಪ್ ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಕೈಯ ಸಾಧನ. ಈ ಗಡಿಭಾಗದಲ್ಲಿ ಅದೇ ಫೋನು ಮಗ ಅಥವಾ ಮಗಳ ಕೈಯಲ್ಲಿ ಒಂದು ಸಾಧನವಾದರೆ, ತಂದೆ, ಸೋದರಮಾವ ಮತ್ತು ಊರ ಮಧ್ಯಸ್ಥರ ಕೈಯಲ್ಲಿ ಇನ್ನೊಂದು ಸಾಧನವಾಗುತ್ತದೆ. ಈ ಎರಡು ಬಳಕೆಗಳ ನಡುವಿನ ತಿಕ್ಕಾಟವೇ ಇಲ್ಲಿನ ವಿಷಯದ ತಿರುಳು.

ಪ್ರದೇಶ ಮತ್ತು ಹಿನ್ನೆಲೆ

ಈ ಪ್ರದೇಶವು ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನಲ್ಲಿ ಕಬ್ಬು ಬೆಳೆಯುವ ನಾಡಿದು. ನಿಪ್ಪಾಣಿ ತಂಬಾಕು ಮಾರುಕಟ್ಟೆಗೂ ಬೀಡಿ ಉದ್ಯಮಕ್ಕೂ, ಅಥಣಿ ಚರ್ಮದ ಪಾದರಕ್ಷೆಗಳಿಗೂ ಹೆಸರಾಗಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಿಪ್ಪಾಣಿ ಮತ್ತು ಕಾಗವಾಡಗಳು 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳು. ಅದಕ್ಕೆ ಮೊದಲು ಅವು ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿ ತಾಲ್ಲೂಕುಗಳಿಗೆ ಸೇರಿದ್ದವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಅಥವಾ ಇದರ ತಿರುವುಮುರುವಾಗಿ ಮಾತನಾಡುವ ಕುಟುಂಬಗಳು ಇಲ್ಲಿ ಸಾಮಾನ್ಯ.

ವಿವಾಹ ಸಂಬಂಧಗಳು ಹಿಂದಿನಿಂದಲೂ ಈ ಗಡಿಯನ್ನು ದಾಟುತ್ತಲೇ ಬಂದಿವೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳ ನಡುವೆ ಮದುವೆ ಮಾಡುವುದು ಕರ್ನಾಟಕದ ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿದೆ. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದಲ್ಲಿ ಇಂತಹ ಸಂಬಂಧಗಳಿಗೆ ಅವಕಾಶ ಕೊಟ್ಟಿದೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಉತ್ತರ ಮತ್ತು ದಕ್ಷಿಣದ ಪದ್ಧತಿಗಳು ಸಂಧಿಸುವ ನೆಲವಾಗಿ ಮಹಾರಾಷ್ಟ್ರವನ್ನು ಗುರುತಿಸಿದ್ದಾರೆ. ಆ ಸಂಧಿಯ ದಕ್ಷಿಣ ಅಂಚಿನಲ್ಲಿ ಈ ತಾಲ್ಲೂಕುಗಳಿವೆ. ಬಂಧುಗಳಲ್ಲಿ ಸಂಬಂಧ ಕೂಡದಿದ್ದಾಗ ಬೀಗರ ಬೀಗರು, ಸಂತೆಯ ಪರಿಚಯದವರು ಮತ್ತು ಮಧ್ಯಸ್ಥರು ಕನ್ಯೆಯನ್ನೋ ವರನನ್ನೋ ಸೂಚಿಸುತ್ತಿದ್ದರು. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಂತಹ ದೊಡ್ಡ ಜಾತ್ರೆಗಳಿಗೆ ಎರಡೂ ರಾಜ್ಯಗಳ ಜನ ಬರುವುದರಿಂದ ಮದುವೆಯ ಮಾತು ಅಲ್ಲಿಯೂ ಮೊಳೆಯುತ್ತಿತ್ತು. ಈ ಕ್ರಮದಲ್ಲಿ ಅಪರಿಚಿತರೆಂಬುವರು ಇರಲಿಲ್ಲ. ಹುಡುಗನ ನಡತೆ, ಮನೆಯ ಸಾಲ, ಹೊಲದ ತಕರಾರು ಎಲ್ಲವೂ ಯಾರಾದರೊಬ್ಬರಿಗೆ ಗೊತ್ತಿರುತ್ತಿತ್ತು. ಆದರೆ ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಗೊತ್ತಿರಬೇಕಾಗಿರಲಿಲ್ಲ.

ತಂತ್ರಜ್ಞಾನದ ಆಗಮನ

ಭಾರತದಲ್ಲಿ ವಿವಾಹ ಜಾಲತಾಣಗಳು 1990ರ ದಶಕದ ಕೊನೆಯಲ್ಲಿ ಹುಟ್ಟಿದವು. ಶಾದಿ ಡಾಟ್ ಕಾಮ್, ಭಾರತ್ ಮ್ಯಾಟ್ರಿಮೊನಿ, ಜೀವನ್‌ಸಾಥಿಗಳು ಆ ಕಾಲದವು. ಟಿಂಡರ್ 2012ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಬಂಬಲ್ 2018ರ ಕೊನೆಗೆ ಭಾರತಕ್ಕೆ ಬಂತು. ಬೆಂಗಳೂರು ಮೂಲದ ಐಲ್ ಸಂಸ್ಥೆ ಕನ್ನಡಿಗರಿಗಾಗಿ ‘ನೀನೇ’ ಎಂಬ ಪ್ರತ್ಯೇಕ ಆ್ಯಪ್ ಹೊರತಂದಿತು. ಗ್ರಾಮೀಣ ಪ್ರದೇಶಕ್ಕೆ ಈ ದಿನಾಂಕಗಳಿಗಿಂತ 2016ರ ಸೆಪ್ಟೆಂಬರ್ 5 ಹೆಚ್ಚು ಮುಖ್ಯ. ಅಂದು ಆರಂಭವಾದ ಜಿಯೋ 4ಜಿ ಸೇವೆಯ ಪೈಪೋಟಿಯಿಂದ ಡೇಟಾದ ಬೆಲೆ ಕುಸಿದು, ಕಬ್ಬಿನ ಗದ್ದೆಯ ಬದುವಿನ ಮೇಲೂ ಅಂತರಜಾಲ ಕೈಗೆಟಕಿತು.

ಕೈಗೆಟಕಿತು ಎಂಬ ಮಾತು ಎಲ್ಲರಿಗೂ ಸಮನಾಗಿ ಅನ್ವಯಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ ಪುರುಷರು ಶೇ. 57.1, ಮಹಿಳೆಯರು ಶೇ. 33.3. ಯುವತಿಯ ಫೋನಿಗೆ ಕರೆನ್ಸಿ ಹಾಕುವವರು ಯಾರು, ಅದರ ಬೀಗದ ಗುರುತು ಯಾರಿಗೆ ಗೊತ್ತು ಎಂಬ ಪ್ರಶ್ನೆಗಳು ಈ ಅಂಕಿಗಳಲ್ಲಿ ಬರುವುದಿಲ್ಲ, ಆದರೆ ಹುಡುಕಾಟದ ಸ್ವರೂಪವನ್ನು ಬಹಳ ಮಟ್ಟಿಗೆ ಅವೇ ನಿರ್ಧರಿಸುತ್ತವೆ. ವಿವಾಹ ಜಾಲತಾಣಗಳ ನೋಂದಣಿ ನಮೂನೆಯಲ್ಲಿಯೇ ‘ಈ ವಿವರವನ್ನು ತುಂಬಿದವರು’ ಎಂಬ ಕಾಲಂ ಇದ್ದು, ಸ್ವತಃ, ತಂದೆತಾಯಿ, ಸೋದರ, ಬಂಧು ಎಂಬ ಆಯ್ಕೆಗಳಿರುತ್ತವೆ. ಡೇಟಿಂಗ್ ಆ್ಯಪ್‌ಗಳಲ್ಲಿ ಈ ಕಾಲಂ ಇಲ್ಲ. ಎರಡರ ನಡುವಣ ವ್ಯತ್ಯಾಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ವಾಟ್ಸ್ಆ್ಯಪ್ ಬಯೋಡೇಟಾ

ಗ್ರಾಮೀಣ ಭಾಗದಲ್ಲಿ ವಧೂವರಾನ್ವೇಷಣೆಯ ನಿತ್ಯದ ಸಾಧನವೆಂದರೆ ಹಣ ತೆತ್ತು ಸೇರುವ ಜಾಲತಾಣವಲ್ಲ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಪುಟದ ಬಯೋಡೇಟಾ. ಮೇಲೆ ಇಷ್ಟದೈವದ ಚಿತ್ರ, ಬಲಗಡೆ ಭಾವಚಿತ್ರ, ಕೆಳಗೆ ಹೆಸರು, ಜನ್ಮದಿನಾಂಕ ಮತ್ತು ವೇಳೆ, ರಾಶಿ, ನಕ್ಷತ್ರ, ಎತ್ತರ, ಬಣ್ಣ, ಶಿಕ್ಷಣ, ಉದ್ಯೋಗ ಇರುತ್ತವೆ. ಲಿಂಗಾಯತರಾದರೆ ಒಳಪಂಗಡ ಮತ್ತು ಬೆಡಗು, ಮರಾಠರಾದರೆ ಕುಳಿ ಮತ್ತು ದೇವಕ, ಇತರ ಸಮುದಾಯಗಳಲ್ಲಿ ಗೋತ್ರ. ಬಳಿಕ ಎಷ್ಟು ಎಕರೆ ನೀರಾವರಿ, ಸೋದರಮಾವನ ಊರು ಯಾವುದು, ಬೀಗರು ಯಾರು ಎಂಬ ವಿವರಗಳು ಬರುತ್ತವೆ. ಕೊನೆಯ ಸಾಲಿನಲ್ಲಿ ಮೊಬೈಲ್ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಸಾಮಾನ್ಯವಾಗಿ ತಂದೆಯದು ಅಥವಾ ಅಣ್ಣನದು.

ಈ ಪುಟದ ರಚನೆಯನ್ನು ಗಮನಿಸಿದರೆ ತಂತ್ರಜ್ಞಾನ ಇಲ್ಲಿ ಹಳೆಯ ಪ್ರಶ್ನೆಗಳನ್ನು ಬದಲಿಸಿಲ್ಲ, ಉತ್ತರ ಬರುವ ವೇಗವನ್ನಷ್ಟೇ ಹೆಚ್ಚಿಸಿದೆ ಎಂಬುದು ತಿಳಿಯುತ್ತದೆ. ಜಗಲಿಯ ಮೇಲೆ ಕುಳಿತು ಮಧ್ಯಸ್ಥ ಕೇಳುತ್ತಿದ್ದ ಬೆಡಗು, ಹೊಲ ಮತ್ತು ಸೋದರಮಾವನ ಊರು ಈಗ ಮುದ್ರಿತ ಕಾಲಂಗಳಾಗಿವೆ. ಹುಡುಗಿಗೆ ಏನು ಇಷ್ಟ, ಮದುವೆಯ ನಂತರ ಓದು ಅಥವಾ ನೌಕರಿ ಮುಂದುವರಿಸುವ ಮನಸ್ಸಿದೆಯೆ ಎಂಬುದಕ್ಕೆ ಬಹಳಷ್ಟು ಬಯೋಡೇಟಾಗಳಲ್ಲಿ ಸ್ಥಳವಿಲ್ಲ. ‘ಅಪೇಕ್ಷೆ’ ಎಂಬ ಕಾಲಂ ಇದ್ದರೂ ಅಲ್ಲಿ ಬರೆಯುವವರು ಹಿರಿಯರೇ.

ಕಾಗದದ ಮೇಲಿನ ಜಾತಕವನ್ನು ಹಿಂದಕ್ಕೆ ಕೇಳಿ ಪಡೆಯಬಹುದಿತ್ತು. ಹತ್ತಾರು ಗುಂಪುಗಳಿಗೆ ಹೋದ ಬಯೋಡೇಟಾವನ್ನು ಹಿಂಪಡೆಯಲು ಆಗುವುದಿಲ್ಲ. ಮದುವೆಯಾದ ಮೇಲೂ ಯುವತಿಯ ಭಾವಚಿತ್ರ, ಜನ್ಮದಿನಾಂಕ ಮತ್ತು ಮನೆಯ ವಿಳಾಸ ಅಪರಿಚಿತರ ಫೋನುಗಳಲ್ಲಿ ಉಳಿದಿರುತ್ತವೆ. ನಕಲಿ ಖಾತೆ ತೆರೆಯುವವರಿಗೆ ಬೇಕಾದ ಸಾಮಗ್ರಿಯೂ ಇಷ್ಟೇ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು ವಿವಾಹ ಜಾಲತಾಣಗಳಿಗೆ ಬಳಕೆದಾರರ ಗುರುತನ್ನು ಪರಿಶೀಲಿಸುವ ಮತ್ತು ದೂರು ಸ್ವೀಕರಿಸುವ ಅಧಿಕಾರಿಯನ್ನು ನೇಮಿಸುವ ಹೊಣೆಯನ್ನು ಹೊರಿಸಿದೆ. ಊರಿನ ಪರಿಚಿತರು ನಡೆಸುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂತಹ ಅಧಿಕಾರಿ ಇರುವುದಿಲ್ಲ.

ಗಡಿ, ಭಾಷೆ ಮತ್ತು ಆ್ಯಪ್‌ಗಳ ವಿಂಗಡಣೆ

ಡೇಟಿಂಗ್ ಆ್ಯಪ್‌ಗಳು ಬಳಕೆದಾರರನ್ನು ಮುಖ್ಯವಾಗಿ ದೂರದಿಂದ ವಿಂಗಡಿಸುತ್ತವೆ. ಫೋನಿನ ಸ್ಥಾನವನ್ನು ಕೇಂದ್ರವಾಗಿಟ್ಟು ಇಷ್ಟು ಕಿಲೋಮೀಟರ್ ವ್ಯಾಪ್ತಿಯೊಳಗಿನವರನ್ನು ತೋರಿಸುವುದು ಅವುಗಳ ಕ್ರಮ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ., ಬೆಳಗಾವಿ ಅದಕ್ಕಿಂತ ದೂರ. ಕಾಗವಾಡದವರಿಗೆ ಮಿರಜ ಹತ್ತಿರದ ದೊಡ್ಡ ಊರು. ಹೀಗಾಗಿ ನಿಪ್ಪಾಣಿಯಲ್ಲಿ 50 ಕಿ.ಮೀ. ವ್ಯಾಪ್ತಿಯನ್ನು ಆರಿಸಿದ ಯುವಕನಿಗೆ ಕೊಲ್ಹಾಪುರದವರು ಕಾಣಿಸುತ್ತಾರೆ, ತನ್ನ ಜಿಲ್ಲಾ ಕೇಂದ್ರದವರು ಕಾಣಿಸುವುದಿಲ್ಲ. ಉಪಗ್ರಹಕ್ಕೆ ರಾಜ್ಯದ ಗಡಿ ತಿಳಿಯದು. ಈ ವಿಷಯದಲ್ಲಿ ಆ್ಯಪ್ ಹಳೆಯ ಬೀಗತನದ ನಕ್ಷೆಯನ್ನೇ ಅನುಸರಿಸುತ್ತದೆ ಎನ್ನಬಹುದು.

ವಿವಾಹ ಜಾಲತಾಣಗಳ ಕ್ರಮ ಇದಕ್ಕೆ ವಿರುದ್ಧ. ಭಾರತ್ ಮ್ಯಾಟ್ರಿಮೊನಿಯಂತಹ ಸಂಸ್ಥೆಗಳು ಭಾಷೆಗೊಂದು ತಾಣವನ್ನು ಹೊಂದಿವೆ, ಕನ್ನಡಕ್ಕೆ ಒಂದು, ಮರಾಠಿಗೆ ಇನ್ನೊಂದು. ಮನೆಯಲ್ಲಿ ಎರಡೂ ಭಾಷೆಗಳನ್ನಾಡುವ ಗಡಿಭಾಗದ ಕುಟುಂಬ ‘ಮಾತೃಭಾಷೆ’ಯ ಕಾಲಂನಲ್ಲಿ ಒಂದನ್ನೇ ಗುರುತಿಸಬೇಕು. ಕನ್ನಡ ಎಂದು ಗುರುತಿಸಿದರೆ 500 ಕಿ.ಮೀ.ಗಿಂತ ದೂರದ ಬೆಂಗಳೂರಿನ ವಿವರಗಳು ಸಾಲುಗಟ್ಟುತ್ತವೆ, ಹೊಳೆಯ ಆಚೆ ದಂಡೆಯ ಸಮೀಪದ ಸಂಬಂಧ ತಪ್ಪಿಹೋಗುತ್ತದೆ. ದಶಕಗಳ ಗಡಿವಾದ ಮಾಡಲಾಗದ ಬೇರ್ಪಡಿಕೆಯನ್ನು ಒಂದು ಕಾಲಂ ಸದ್ದಿಲ್ಲದೆ ಮಾಡಿಬಿಡುತ್ತದೆ.

ಗಡಿ ದಾಟಿದ ಮದುವೆಗೆ ದಾಖಲೆಗಳ ತೊಡಕೂ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯವಾರು ಇರುವುದರಿಂದ, ಒಂದು ರಾಜ್ಯದಲ್ಲಿ ಪಟ್ಟಿಗೆ ಸೇರಿದವರು ಇನ್ನೊಂದು ರಾಜ್ಯಕ್ಕೆ ಹೋದಾಗ ಅಲ್ಲಿನ ಉದ್ಯೋಗ ಮೀಸಲಾತಿಯನ್ನು ಪಡೆಯಲಾಗದು ಎಂದು ಸುಪ್ರೀಂ ಕೋರ್ಟ್ 2018ರ ಆಗಸ್ಟ್ 30ರ ತೀರ್ಪಿನಲ್ಲಿ ಹೇಳಿದೆ. ಕಾಗವಾಡದಿಂದ ಮಿರಜಕ್ಕೆ ಸೊಸೆಯಾಗಿ ಹೋಗುವ ವಿದ್ಯಾವಂತ ಯುವತಿಗೆ ಇದು ಸಣ್ಣ ಸಂಗತಿಯಲ್ಲ.

ಕನ್ಯೆಯರ ಕೊರತೆ

ಆ್ಯಪ್‌ಗಳ ಬಗ್ಗೆ ಬರೆಯುವಾಗ ಅದಕ್ಕೆ ಮುಂಚಿನ ಇನ್ನೊಂದು ಯಂತ್ರವನ್ನು ಮರೆಯುವಂತಿಲ್ಲ. ಅಲ್ಟ್ರಾಸೌಂಡ್ ತಪಾಸಣೆಯನ್ನು ಭ್ರೂಣಲಿಂಗ ಪತ್ತೆಗೆ ದುರ್ಬಳಕೆ ಮಾಡಿದ್ದರ ಫಲವನ್ನು ಇಂದಿನ ತಲೆಮಾರು ಉಣ್ಣುತ್ತಿದೆ. 2001ರ ಜನಗಣತಿಯಲ್ಲಿ 0–6 ವರ್ಷದ 1000 ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 946 ಹೆಣ್ಣುಮಕ್ಕಳಿದ್ದರೆ, ನೆರೆಯ ಕೊಲ್ಹಾಪುರ ಜಿಲ್ಲೆಯಲ್ಲಿ 839 ಮಾತ್ರ ಇದ್ದರು. ಅಂದಿನ ಆ ಮಕ್ಕಳೇ ಇಂದು ಮದುವೆಯ ವಯಸ್ಸಿನವರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲಿಯೇ ಬಂದಿದ್ದರೂ, 2017ರ ಮಾರ್ಚ್‌ನಲ್ಲಿ ಕಾಗವಾಡಕ್ಕೆ ಸಮೀಪದ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ ಹೂತಿಟ್ಟ 19 ಭ್ರೂಣಗಳು ಪತ್ತೆಯಾದವು.

ಇದರ ಜೊತೆಗೆ ಕೃಷಿಕ ವರರಿಗೆ ಹೆಣ್ಣು ಸಿಗದಿರುವುದೂ ಸೇರಿದೆ. 2022ರ ಡಿಸೆಂಬರ್‌ನಲ್ಲಿ ಸೊಲ್ಲಾಪುರದ ಅವಿವಾಹಿತ ಯುವಕರು ಮದುಮಗನ ವೇಷದಲ್ಲಿ ಕುದುರೆಯೇರಿ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರು, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕೆಂದು ಬೇಡಿದರು. 2023ರ ಫೆಬ್ರವರಿಯಲ್ಲಿ ಮಂಡ್ಯದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಕೈಗೊಂಡರು. ಎರಡೂ ಘಟನೆಗಳನ್ನು ಪತ್ರಿಕೆಗಳು ವಿನೋದವಾಗಿ ವರದಿ ಮಾಡಿದ್ದುಂಟು, ಆದರೆ ಅವುಗಳ ಹಿಂದಿನ ಸಂಕಟ ನಗುವಂಥದ್ದಲ್ಲ. ವರನಿಗೆ ಹೊಲವಿರಬೇಕು, ಆದರೆ ಅವನು ಹೊಲದಲ್ಲಿ ದುಡಿಯುತ್ತಿರಬಾರದು ಎಂಬುದು ಕನ್ಯೆಯ ಕಡೆಯವರ ಇಂದಿನ ಅಪೇಕ್ಷೆ. ಇದನ್ನು ಬರೀ ಆಡಂಬರವೆಂದು ತಳ್ಳಿಹಾಕುವಂತಿಲ್ಲ. ತಾಯಿ ಪಟ್ಟ ಪಾಡನ್ನು ಕಂಡ ಮಗಳು ಬೇರೆ ಬದುಕನ್ನು ಬಯಸುವುದು ಸಹಜ. ಜಾಲತಾಣದಲ್ಲಿ ‘ಉದ್ಯೋಗ: ಕೃಷಿ’ ಎಂದು ತುಂಬಿದವನನ್ನು ಶೋಧ ಪಟ್ಟಿಯಿಂದ ತೆಗೆದುಹಾಕಲು ಒಂದು ಒತ್ತು ಸಾಕು. ಮಧ್ಯಸ್ಥನಾದರೆ ‘ಹುಡುಗ ಒಳ್ಳೆಯವ, ಒಮ್ಮೆ ನೋಡಿರಿ’ ಎನ್ನುತ್ತಿದ್ದ.

ಪ್ರೇಮ ವಿವಾಹ ಮತ್ತು ಕಾನೂನು

ಕಾಲೇಜು, ಬಸ್ಸು, ಇನ್‌ಸ್ಟಾಗ್ರಾಮ್‌ಗಳಲ್ಲಿ ಮೊಳೆತ ಪರಿಚಯ ಜಾತಿಯ ಗೆರೆಯನ್ನು ದಾಟಿದಾಗ ಫೋನು ಮತ್ತೆ ಕುಟುಂಬದ ವಿಷಯವಾಗುತ್ತದೆ. ಇದೇ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಮುರಗೋಡ ಠಾಣೆಯಲ್ಲಿ 2020ರ ಅಕ್ಟೋಬರ್‌ನಲ್ಲಿ ದಾಖಲಾದ ಪ್ರಕರಣವೊಂದು ಇದಕ್ಕೆ ನಿದರ್ಶನ. ಮಗಳು ಕಾಣೆಯಾಗಿದ್ದಾಳೆಂದು ತಂದೆ ದೂರು ಕೊಟ್ಟರು. ಸ್ನಾತಕೋತ್ತರ ಪದವೀಧರೆಯಾಗಿ ಉಪನ್ಯಾಸಕಿಯಾಗಿದ್ದ ಆಕೆ ತಾನು ಮೆಚ್ಚಿದವನನ್ನು ದೆಹಲಿಯಲ್ಲಿ ವಿವಾಹವಾಗಿ, ವಿವಾಹ ಪ್ರಮಾಣಪತ್ರವನ್ನು ತಂದೆತಾಯಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದಳು. ಆದರೂ ತನಿಖಾಧಿಕಾರಿ ಠಾಣೆಗೆ ಬಂದು ಹೇಳಿಕೆ ನೀಡುವಂತೆ ಒತ್ತಾಯಿಸಿದರು. ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 8ರಂದು ಆ ಎಫ್‌ಐಆರ್ ರದ್ದುಪಡಿಸಿತು. ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ, ಸಮುದಾಯದ ಅಥವಾ ಕುಲದ ಸಮ್ಮತಿ ಬೇಕಿಲ್ಲವೆಂದು ಹೇಳಿ, ಇಂತಹ ಸೂಕ್ಷ್ಮ ಪ್ರಕರಣಗಳಲ್ಲಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ಪೊಲೀಸರಿಗೆ ಮಾರ್ಗಸೂಚಿ ಮತ್ತು ತರಬೇತಿಯನ್ನು ಎಂಟು ವಾರಗಳಲ್ಲಿ ರೂಪಿಸುವಂತೆ ಸೂಚಿಸಿತು. ಅಂತರ್ಜಾತಿ ವಿವಾಹದ ಕುರಿತು ಅಂಬೇಡ್ಕರರ ‘ಜಾತಿ ವಿನಾಶ’ ಪ್ರಬಂಧದ ವಿಚಾರವನ್ನು ಈ ತೀರ್ಪು ಉಲ್ಲೇಖಿಸಿದೆ.

ಬೇರೆ ಬೇರೆ ಧರ್ಮದವರು ಮತಾಂತರವಿಲ್ಲದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯಿದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅಧಿಕಾರಿ ಅದನ್ನು ಕಚೇರಿಯಲ್ಲಿ ಪ್ರಕಟಿಸಿ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ. ಮನೆಯವರಿಗೆ ತಿಳಿಯದಂತೆ ಫೋನಿನಲ್ಲಿ ಮಾತನಾಡಿಕೊಂಡವರ ಹೆಸರು ವಿಳಾಸಗಳು ಸೂಚನಾ ಫಲಕದಲ್ಲಿ ಒಂದು ತಿಂಗಳು ತೂಗುತ್ತವೆ. ಊರೆಲ್ಲ ಪರಸ್ಪರ ಪರಿಚಿತವಾಗಿರುವ ಸಣ್ಣ ಪಟ್ಟಣದಲ್ಲಿ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ನಡೆದ ಮದುವೆಯ ನೋಂದಣಿಗೆ ಇಂತಹ ನೋಟಿಸ್ ಇಲ್ಲ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಅದನ್ನು ಕಾವೇರಿ 2.0 ತಂತ್ರಾಂಶದ ಮೂಲಕ ಆನ್‌ಲೈನ್‌ನಲ್ಲಿಯೂ ಮಾಡಿಸಬಹುದು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ವಯಸ್ಸಿನದು. ವಿವಾಹಕ್ಕೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 2012ರ ಪೋಕ್ಸೊ ಕಾಯ್ದೆಯಡಿ 18ರೊಳಗಿನವರ ‘ಒಪ್ಪಿಗೆ’ಗೆ ಕಾನೂನಿನ ಬೆಲೆಯಿಲ್ಲ. ಇಬ್ಬರೂ ಇಷ್ಟಪಟ್ಟು ಊರುಬಿಟ್ಟ ಹದಿಹರೆಯದ ಪ್ರಕರಣಗಳು ಹುಡುಗನ ಜೈಲುವಾಸದಲ್ಲಿ ಕೊನೆಗೊಳ್ಳುವುದು ಇದರಿಂದಲೇ.

ವಂಚನೆ

ವಂಚನೆಯಲ್ಲಿ ಎರಡು ಬಗೆ ಎದ್ದುಕಾಣುತ್ತವೆ. ವಿದೇಶದಲ್ಲಿರುವ ವೈದ್ಯ ಅಥವಾ ಇಂಜಿನಿಯರ್ ಎಂದು ಹೇಳಿಕೊಂಡು ವಿವಾಹ ಜಾಲತಾಣದಲ್ಲಿ ಪರಿಚಯವಾಗಿ, ಕಳುಹಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ ಎಂದು ಹಣ ಕೇಳುವುದು ಮೊದಲನೆಯದು. ಕನ್ಯೆ ಸಿಗದೆ ಬಸವಳಿದ ಕುಟುಂಬಗಳನ್ನು ಹುಡುಕಿ, ದಲ್ಲಾಳಿಯ ಮೂಲಕ ಮುಂಗಡ ಪಡೆದು, ಮದುವೆಯಾದ ಕೆಲವೇ ದಿನಗಳಲ್ಲಿ ‘ವಧು’ ಒಡವೆಯೊಡನೆ ಮಾಯವಾಗುವುದು ಎರಡನೆಯದು. ಕನ್ಯೆಯರ ಕೊರತೆಯಿರುವ ಊರುಗಳಿಗೆ ಎರಡನೆಯದರ ಪೆಟ್ಟು ಹೆಚ್ಚು. ನಗೆಪಾಟಲಾಗುವ ಭಯದಿಂದ ಮೋಸಹೋದವರು ದೂರು ಕೊಡಲು ಹಿಂಜರಿಯುತ್ತಾರೆ.

ಸುಳ್ಳು ಗುರುತಿನಿಂದ ಆನ್‌ಲೈನ್‌ನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಸಮ್ಮತಿಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು ಅಥವಾ ಹಂಚುವುದು 66ಇ ಕಲಮಿಗೆ ಬರುತ್ತದೆ. ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ತಕ್ಷಣ ಕರೆ ಮಾಡಿದರೆ ವರ್ಗಾವಣೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ.