ತೂಕದ ಮೆಷಿನ್ ನೋಡಿ ಜಿಮ್ ಬಿಡಬೇಡಿ: ಮುಟ್ಟಿನ ದಿನಗಳಲ್ಲಿ ಏರುವುದು ಕೊಬ್ಬಲ್ಲ, ನೀರು

ಜಿಮ್‌ಗೆ ಸೇರಿ ಒಂದು ತಿಂಗಳು ಕಳೆದಿರುತ್ತದೆ. ಊಟ ಹಿಡಿತದಲ್ಲಿದೆ, ವ್ಯಾಯಾಮ ತಪ್ಪಿಲ್ಲ. ಆದರೂ ಒಂದು ಬೆಳಗ್ಗೆ ತೂಕದ ಮೆಷಿನ್ ಮೇಲೆ ನಿಂತರೆ ಒಂದು ಕೆಜಿ ಜಾಸ್ತಿ! ಬ್ಲೌಸ್ ಬಿಗಿ, ಹೊಟ್ಟೆ ಉಬ್ಬರ, ಕನ್ನಡಿ ನೋಡಿದರೆ ಬೇಜಾರು. ‘ದುಡ್ಡು ಕೊಟ್ಟು ಭಾರ ಎತ್ತಿ ಇನ್ನೂ ದಪ್ಪ ಆದೆನಲ್ಲಾ’ ಅನಿಸಿ ಜಿಮ್ ಬಿಡುವ ಮನಸ್ಸಾಗುವುದು ಇಂಥ ದಿನಗಳಲ್ಲೇ.

ಆ ದಿನ ಕ್ಯಾಲೆಂಡರ್ ನೋಡಿದರೆ ಮುಟ್ಟಿಗೆ ಎರಡು ಮೂರು ದಿನ ಬಾಕಿ ಇರಬಹುದು. ಹಾಗಿದ್ದರೆ ಏರಿದ ತೂಕದಲ್ಲಿ ಬಹುಪಾಲು ನೀರು. ಮುಟ್ಟು ಶುರುವಾದ ಕೆಲ ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಇಷ್ಟು ಗೊತ್ತಿಲ್ಲದೆ ಒಳ್ಳೆಯ ಅಭ್ಯಾಸವೊಂದನ್ನು ಅರ್ಧಕ್ಕೆ ನಿಲ್ಲಿಸುವುದು ನಷ್ಟದ ವ್ಯವಹಾರ.

ತಿಂಗಳಲ್ಲಿ ದೇಹದೊಳಗೆ ಏನಾಗುತ್ತದೆ?

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. 28 ದಿನ ಅನ್ನುವುದು ಸರಾಸರಿ ಲೆಕ್ಕ. ವಯಸ್ಕ ಮಹಿಳೆಯರಲ್ಲಿ 21ರಿಂದ 35 ದಿನದವರೆಗೆ ಸಹಜವೇ.

ಮೊದಲ ಅರ್ಧದಲ್ಲಿ ಈಸ್ಟ್ರೋಜನ್ ಹಾರ್ಮೋನು ನಿಧಾನಕ್ಕೆ ಏರಿ, ಅಂಡಾಣು ಬಿಡುಗಡೆಗೆ ಸ್ವಲ್ಪ ಮೊದಲು ತುತ್ತತುದಿಗೆ ಹೋಗುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಹೆಚ್ಚುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಕುಸಿದು ಮುಟ್ಟು ಬರುತ್ತದೆ.

ಈ ಏರಿಳಿತದಲ್ಲಿ ದೇಹ ಉಪ್ಪು, ನೀರು ಹಿಡಿದಿಟ್ಟುಕೊಳ್ಳುವ ಪ್ರಮಾಣವೂ ಬದಲಾಗುತ್ತದೆ. ನೀರು ತುಂಬಿಕೊಂಡ ಅನುಭವ ಜಾಸ್ತಿ ಇರುವುದು ಮುಟ್ಟಿನ ಹಿಂದಿನ ದಿನಗಳಲ್ಲಿ ಮತ್ತು ಮುಟ್ಟಿನ ಮೊದಲ ದಿನ. ಕರುಳಿನ ಚಲನೆ ನಿಧಾನವಾಗುವುದರಿಂದ ಹೊಟ್ಟೆ ಉಬ್ಬುತ್ತದೆ, ಸ್ತನಗಳು ಭಾರ ಅನಿಸುತ್ತವೆ. ಕೆಲವರಿಗೆ ಅರ್ಧ ಕೆಜಿ ವ್ಯತ್ಯಾಸ, ಕೆಲವರಿಗೆ ಒಂದೆರಡು ಕೆಜಿ, ಇನ್ನು ಕೆಲವರಿಗೆ ಏನೂ ಗೊತ್ತಾಗದು. ಈ ದಿನಗಳಲ್ಲಿ ಅಳತೆ ಕೊಟ್ಟು ಹೊಲಿಸಿದ ಬ್ಲೌಸ್ ಹತ್ತು ದಿನ ಕಳೆದು ಸಡಿಲ ಅನಿಸಿದರೆ ಟೈಲರ್ ತಪ್ಪು ಅಂತಲೇ ಹೇಳಲಾಗದು.

ಹೊಸದಾಗಿ ಭಾರ ಎತ್ತುವವರಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಅಭ್ಯಾಸವಿಲ್ಲದ ವ್ಯಾಯಾಮದಿಂದ ಸ್ನಾಯು ನೋಯುವಾಗ, ರಿಪೇರಿಗಾಗಿ ಅಲ್ಲೂ ಸ್ವಲ್ಪ ನೀರು ನಿಲ್ಲುತ್ತದೆ. ಎರಡೂ ಒಂದೇ ವಾರ ಬಂದರೆ ಮೆಷಿನ್ ಹೆದರಿಸುವುದು ಗ್ಯಾರಂಟಿ.

ಕನ್ನಡಿಯಲ್ಲಿ ಕಾಣುವುದೂ ಬದಲು

ದೇಹದ ಬಗ್ಗೆ ಅಸಮಾಧಾನ ಮುಟ್ಟಿನ ಮುಂಚಿನ ವಾರ ಮತ್ತು ಮುಟ್ಟಿನ ದಿನಗಳಲ್ಲಿ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಇದ್ದ ಗಾತ್ರಕ್ಕಿಂತ ದೊಡ್ಡದಾಗಿ ತಮ್ಮನ್ನು ತಾವು ಅಂದಾಜಿಸಿಕೊಳ್ಳುವುದೂ ಆ ಹೊತ್ತಿನಲ್ಲೇ ಜಾಸ್ತಿ. ನಿದ್ದೆ ಸರಿಯಿಲ್ಲ, ಸಿಡಿಮಿಡಿ, ಸಿಹಿ ತಿನ್ನುವ ಆಸೆ ಎಲ್ಲವೂ ಒಟ್ಟಿಗೆ ಬಂದಾಗ ಕನ್ನಡಿ ಶತ್ರುವಿನ ಹಾಗೆ ಕಾಣುತ್ತದೆ. ಅದರ ಮೇಲೆ ಮನೆಗೆ ಬಂದ ನೆಂಟರು ‘ಏನಮ್ಮಾ, ದಪ್ಪ ಆಗಿದೀಯ’ ಅಂದುಬಿಟ್ಟರೆ ಮುಗಿಯಿತು. ಅಂದರೆ ಅದೇ ದೇಹ, ಆದರೆ 10ನೇ ದಿನ ಒಂದು ಥರ, 27ನೇ ದಿನ ಇನ್ನೊಂದು ಥರ ಕಾಣುತ್ತದೆ. 27ನೇ ದಿನದ ತೀರ್ಪನ್ನು ನಂಬಿ ನಿರ್ಧಾರ ಮಾಡುವುದು ಸರಿಯಲ್ಲ.

ಮುಟ್ಟಿನಲ್ಲಿ ಭಾರ ಎತ್ತಬಹುದಾ?

ಆರೋಗ್ಯವಾಗಿರುವವರು ಎತ್ತಬಹುದು. ಅದರಿಂದ ಗರ್ಭಕೋಶ ಜಾರುತ್ತದೆ, ಮುಂದೆ ಮಕ್ಕಳಾಗಲ್ಲ ಎಂಬ ಮಾತಿಗೆ ಆಧಾರವಿಲ್ಲ. ಹಲವರಿಗೆ ಹಗುರ ವ್ಯಾಯಾಮದಿಂದ ಹೊಟ್ಟೆನೋವು ಕಡಿಮೆಯಾಗುವುದೂ ಉಂಟು.

ಶಕ್ತಿ ಕುಂದುತ್ತದೆಯೇ? ‘ಸ್ಪೋರ್ಟ್ಸ್ ಮೆಡಿಸಿನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ 2020ರಲ್ಲಿ 78 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ಪ್ರಕಟವಾಯಿತು. ಮುಟ್ಟಿನ ಆರಂಭದ ದಿನಗಳಲ್ಲಿ ಸಾಮರ್ಥ್ಯ ತೀರಾ ಅಲ್ಪ ಪ್ರಮಾಣದಲ್ಲಿ ತಗ್ಗಬಹುದು, ಆದರೆ ಎಲ್ಲರಿಗೂ ಒಂದೇ ನಿಯಮ ಮಾಡಲಾಗದು ಎಂಬುದು ಅದರ ಸಾರ. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಬರುವ ‘ಈ ವಾರ ಯೋಗ ಮಾತ್ರ, ಆ ವಾರ ಭಾರ ಮಾತ್ರ’ ಎಂಬ ಟೈಂಟೇಬಲ್‌ಗೆ ಗಟ್ಟಿ ಪುರಾವೆ ಇಲ್ಲ.

ಹಾಗಂತ ಸುಸ್ತು ಸುಳ್ಳಲ್ಲ. ವೇಟ್‌ಲಿಫ್ಟರ್ ಮೀರಾಬಾಯಿ ಚಾನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 49 ಕೆಜಿ ವಿಭಾಗದಲ್ಲಿ ಒಟ್ಟು 199 ಕೆಜಿ ಎತ್ತಿ, ಒಂದೇ ಕೆಜಿ ಅಂತರದಲ್ಲಿ ಕಂಚು ಕಳೆದುಕೊಂಡರು. ಅಂದು ಮುಟ್ಟಿನ ಮೂರನೇ ದಿನವಾಗಿತ್ತು, ಸ್ವಲ್ಪ ನಿಶ್ಶಕ್ತಿ ಇತ್ತು ಎಂದು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಒಲಿಂಪಿಕ್ಸ್‌ನಲ್ಲಿ ಒಂದು ಕೆಜಿ ದೊಡ್ಡದು. ನಮ್ಮೂರ ಜಿಮ್‌ನಲ್ಲಿ ಸುಸ್ತಾದ ದಿನ ಐದು ಕೆಜಿ ಕಮ್ಮಿ ಎತ್ತಿದರೆ ಏನೂ ಹೋಗದು. ತೀರಾ ನೋವಿದ್ದರೆ ರಜೆ ಹಾಕಿದರೂ ನಷ್ಟವಿಲ್ಲ.

ಗಂಡಸರ ಹಾಗೆ ಆಗಿಬಿಡ್ತಾರಾ?

ಇಲ್ಲ. ದೊಡ್ಡ ಸ್ನಾಯು ಬೆಳೆಸುವ ಟೆಸ್ಟೋಸ್ಟೆರಾನ್ ಪುರುಷರಲ್ಲಿ ಮಹಿಳೆಯರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿದ ಮಾತ್ರಕ್ಕೆ ತೋಳು ಉಬ್ಬುವುದಿಲ್ಲ. ಸಿಗುವುದು ಮೂಳೆಗೆ ಬಲ, ಮಂಡಿಗೆ ಆಸರೆ, ಸಕ್ಕರೆ ಕಾಯಿಲೆ ಹತೋಟಿಗೆ ನೆರವು. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಇದು ಗಂಡಸರಿಗೂ ಹೆಂಗಸರಿಗೂ ಒಂದೇ.

ಲೆಕ್ಕ ಇಡುವುದು ಹೇಗೆ?

ಅಂಗಡಿಯವರು ಒಂದು ದಿನದ ಗಲ್ಲಾ ನೋಡಿ ಲಾಭ ನಷ್ಟ ಹೇಳುವುದಿಲ್ಲ. ಸಂತೆ ದಿನದ ವ್ಯಾಪಾರವನ್ನು ಸಂತೆ ದಿನಕ್ಕೇ ಹೋಲಿಸುತ್ತಾರೆ. ಇಲ್ಲೂ ಅದೇ ಲೆಕ್ಕ:

• ಕ್ಯಾಲೆಂಡರ್‌ನಲ್ಲಿ ಮುಟ್ಟಿನ ಮೊದಲ ದಿನ ಗುರುತು ಹಾಕಿ.
• ತೂಕ ನೋಡಲೇಬೇಕೆಂದರೆ ಪ್ರತಿ ತಿಂಗಳು ಚಕ್ರದ ಅದೇ ದಿನ ನೋಡಿ. ಉದಾಹರಣೆಗೆ, ಮುಟ್ಟು ಶುರುವಾದ 7ನೇ ದಿನ, ಬೆಳಗ್ಗೆ, ತಿಂಡಿಗೆ ಮೊದಲು.
• ಹೋದ ವಾರದ ಜೊತೆ ಹೋಲಿಸಬೇಡಿ. ಹೋದ ತಿಂಗಳ 7ನೇ ದಿನದ ಜೊತೆ ಹೋಲಿಸಿ.
• ಒಂದು ನೋಟ್‌ಬುಕ್‌ನಲ್ಲಿ ಎತ್ತಿದ ಭಾರ, ಎಷ್ಟು ಸಲ ಎಂದು ಬರೆಯಿರಿ. 5 ಕೆಜಿಯಿಂದ 8 ಕೆಜಿಗೆ ಬಂದಿದ್ದರೆ ಅದೇ ನಿಜವಾದ ಪ್ರಗತಿ.
• 20 ಲೀಟರ್ ನೀರಿನ ಕ್ಯಾನ್ ಎಂದರೆ 20 ಕೆಜಿ. ಅದನ್ನು ಯಾರ ನೆರವಿಲ್ಲದೆ ಎತ್ತಿಟ್ಟ ದಿನವನ್ನೂ ಬರೆದುಕೊಳ್ಳಿ.

ದೇಹ ‘ಹೇಗೆ ಕಾಣುತ್ತದೆ’ ಅನ್ನುವುದರಿಂದ ‘ಏನು ಮಾಡಬಲ್ಲದು’ ಅನ್ನುವ ಕಡೆಗೆ ಗಮನ ತಿರುಗಿದರೆ ಕನ್ನಡಿಯ ಕಾಟ ಅರ್ಧ ಕಮ್ಮಿಯಾಗುತ್ತದೆ.

ಜಿಮ್‌ಗೆ ಹೋಗಲು ಆಗದವರು ಮನೆಯಲ್ಲೇ ಶುರು ಮಾಡಬಹುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಪುಷ್‌ಅಪ್, ಅರ್ಧ ತುಂಬಿದ ಬಿಂದಿಗೆಯನ್ನು ಬೆನ್ನು ನೇರ ಇಟ್ಟು ಎತ್ತುವುದು. ತಲಾ 8ರಿಂದ 10 ಸಲ ಸಾಕು. ಹೆರಿಗೆ ಅಥವಾ ಆಪರೇಷನ್ ಆಗಿ ಹೆಚ್ಚು ದಿನ ಆಗದವರು, ಬಿಪಿ ಇರುವವರು ಮೊದಲು ವೈದ್ಯರನ್ನು ಕೇಳಿ. ಊಟ ಬಿಡಬೇಡಿ. ಮೊಟ್ಟೆ, ಹುರುಳಿ, ಶೇಂಗಾ, ಬೇಳೆ ಇಲ್ಲದೆ ಸ್ನಾಯು ಬೆಳೆಯದು.

ಜಿಮ್, ಅಂಗಡಿ ನಡೆಸುವವರಿಗೆ

ಮಹಿಳಾ ಸದಸ್ಯರನ್ನು ಎಲ್ಲರೆದುರು ವಾರವಾರ ತೂಕ ನೋಡಿಸುವ ಪದ್ಧತಿ ಬಿಡುವುದು ಒಳ್ಳೆಯದು. ಟಾಯ್ಲೆಟ್‌ನಲ್ಲಿ ನೀರು, ಮುಚ್ಚಳದ ಡಸ್ಟ್‌ಬಿನ್ ಇದ್ದರೆ ಆ ದಿನಗಳಲ್ಲೂ ಬರುತ್ತಾರೆ. ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಇದೇ ಸೌಕರ್ಯ ಬೇಕು. ಪ್ಯಾಡ್ ಪ್ಯಾಕೆಟ್ಟನ್ನು ಕಳ್ಳಮಾಲಿನ ಹಾಗೆ ಪೇಪರ್‌ನಲ್ಲಿ ಸುತ್ತಿ ಕೊಡುವ ಅಗತ್ಯವೂ ಇಲ್ಲ.

ಡಾಕ್ಟರ್ ಬಳಿ ಯಾವಾಗ ಹೋಗಬೇಕು?

• ಮೂರು ತಿಂಗಳು ಮುಟ್ಟು ಬಾರದಿದ್ದರೆ. ಗರ್ಭಧಾರಣೆ, ಪಿಸಿಒಎಸ್, ಥೈರಾಯ್ಡ್ ಕಾರಣವಿರಬಹುದು. ಊಟ ಕಮ್ಮಿ ಮಾಡಿ ವ್ಯಾಯಾಮ ಅತಿಯಾದರೂ ಮುಟ್ಟು ನಿಲ್ಲುತ್ತದೆ. ಅದು ‘ಫಿಟ್’ ಆದ ಲಕ್ಷಣವಲ್ಲ, ಮೂಳೆಗೆ ಅಪಾಯ.
• ಏಳು ದಿನ ದಾಟಿ ರಕ್ತಸ್ರಾವವಾದರೆ, ಗಂಟೆಗೊಂದು ಪ್ಯಾಡ್ ನೆನೆದರೆ.
• ಸ್ವಲ್ಪ ಭಾರ ಎತ್ತಿದರೂ ಏದುಸಿರು, ತಲೆಸುತ್ತು ಬಂದರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.
• ಪ್ರತಿ ತಿಂಗಳು ಮುಟ್ಟಿನ ಮುಂಚೆ ಮನೆ, ಕೆಲಸ ನಡೆಸಲಾಗದಷ್ಟು ಖಿನ್ನತೆ ಬಂದರೆ, ಅಥವಾ ದಪ್ಪ ಆಗುವ ಭಯಕ್ಕೆ ಊಟ ಬಿಡುವಂತಾದರೆ. ಇವಕ್ಕೆ ಚಿಕಿತ್ಸೆ ಇದೆ, ನಾಚಿಕೆ ಬೇಡ.

ಉಳಿದವರು ಮುಂದಿನ ಸಲ ಮೆಷಿನ್ ಹತ್ತುವ ಮುನ್ನ ಗೋಡೆಯ ಕ್ಯಾಲೆಂಡರ್ ಒಮ್ಮೆ ನೋಡಿದರೆ ಸಾಕು.