ಸೈಕಲ್ ಎಡೆಕುಂಟೆ: ಗ್ರಾಮ ಮಟ್ಟದಲ್ಲಿ ತಯಾರಿಕೆ ಹಾಗೂ ಬೆಸುಗೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳು

ಪೀಠಿಕೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳ ಹಾಗೂ ಸುತ್ತಲಿನ ಸೀಮೆಯು ಕಪ್ಪು ಭೂಮಿಯ ಪ್ರದೇಶವಾಗಿದೆ. ಹೆಸರು, ಶೇಂಗಾ, ಹತ್ತಿ, ಜೋಳ ಹಾಗೂ ಮೆಣಸಿನಕಾಯಿ ಈ ಭಾಗದ ಮುಖ್ಯ ಬೆಳೆಗಳಾಗಿವೆ. ಕಪ್ಪು ಮಣ್ಣು ನೀರು ಹೀರಿದಾಗ ಉಬ್ಬಿ ಅಂಟಾಗುತ್ತದೆ. ಒಣಗಿದಾಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇವೆರಡರ ನಡುವಿನ ಕೆಲವೇ ದಿನಗಳ ಹದದಲ್ಲಿ ಎಡೆ ಹೊಡೆಯುವ ಕೆಲಸ ಮುಗಿಯಬೇಕು. ಹೆಸರು, ಶೇಂಗಾದಂತಹ ಬೆಳೆಗಳಲ್ಲಿ ಬಿತ್ತಿದ ಮೊದಲ 30 ರಿಂದ 45 ದಿನಗಳಲ್ಲಿ ಕಳೆಯನ್ನು ತೆಗೆಯದಿದ್ದಲ್ಲಿ ಇಳುವರಿ ಕುಂಠಿತವಾಗುತ್ತದೆ.

ಎತ್ತುಗಳನ್ನು ಸಾಕಲು ಸಾಧ್ಯವಾಗದ ಸಣ್ಣ ಹಿಡುವಳಿದಾರರಿಗೆ ಈ ಹದದ ದಿನಗಳಲ್ಲಿ ಬಾಡಿಗೆ ಎತ್ತುಗಳಾಗಲೀ ಕೂಲಿ ಆಳುಗಳಾಗಲೀ ಸಕಾಲಕ್ಕೆ ದೊರೆಯುವುದು ಕಷ್ಟ. ಈ ಕೊರತೆಗೆ ರೈತರು ಕಂಡುಕೊಂಡ ಪರಿಹಾರವೇ ಸೈಕಲ್ ಎಡೆಕುಂಟೆ. ಹಳೆಯ ಸೈಕಲ್ಲಿನ ಭಾಗಗಳಿಂದ ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಇದನ್ನು ತಯಾರಿಸಿಕೊಳ್ಳಬಹುದು. ಒಬ್ಬರೇ ತಳ್ಳಿಕೊಂಡು ಹೋಗಬಹುದಾದ್ದರಿಂದ ಮೇವಿನ ಖರ್ಚಿಲ್ಲ, ಇಂಧನದ ಅಗತ್ಯವಿಲ್ಲ.

ರಚನೆ

ಸೈಕಲ್ಲಿನ ಮುಂದಿನ ಗಾಲಿ, ಅದನ್ನು ಹಿಡಿದಿರುವ ಕವಲು (ಫೋರ್ಕ್), ಹಿಂದಕ್ಕೆ ಚಾಚಿದ ಕೊಳವೆ, ಹಿಡಿಕೆ ಹಾಗೂ ಗಾಲಿಯ ಹಿಂಬದಿಗೆ ಇಳಿಬಿಟ್ಟ ಕುಡ ಇವು ಇದರ ಭಾಗಗಳು. ಗಾಲಿಯು ಭಾರವನ್ನು ಹೊರುವುದಲ್ಲದೆ, ಕುಡವು ಒಂದೇ ಆಳದಲ್ಲಿ ಸಾಗುವಂತೆ ನೋಡಿಕೊಳ್ಳುತ್ತದೆ. ತಯಾರಿಸುವಾಗ ಈ ಕೆಳಗಿನ ಅಳತೆಗಳನ್ನು ಗಮನಿಸತಕ್ಕದ್ದು.

1. 30 ಸೆಂ.ಮೀ. ಅಂತರದ ಸಾಲುಗಳಿಗೆ 15 ರಿಂದ 18 ಸೆಂ.ಮೀ. ಅಗಲದ ಕುಡ ಸಾಕು. ಆಗ ಎರಡೂ ಬದಿಯ ಬೆಳೆಗೆ 6 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಜಾಗ ಉಳಿಯುತ್ತದೆ. ಹತ್ತಿ, ಮೆಣಸಿನಕಾಯಿಯಂತಹ ಅಗಲ ಸಾಲಿನ ಬೆಳೆಗಳಲ್ಲಿ ಅದೇ ಕುಡದಿಂದ ಎರಡು ಮೂರು ಬಾರಿ ಹೊಡೆಯುವುದು ಒಳ್ಳೆಯದು. ಕುಡ ಅಗಲವಾದಷ್ಟೂ ತಳ್ಳುವ ಶ್ರಮ ಹೆಚ್ಚುತ್ತದೆ.
2. ಕುಡದ ಬಾಯಿ ನೆಲಕ್ಕೆ ಸುಮಾರು 15 ರಿಂದ 20 ಡಿಗ್ರಿ ಓರೆಯಾಗಿರಬೇಕು. ಓರೆ ಹೆಚ್ಚಾದರೆ ಕುಡ ನೆಲಕ್ಕೆ ನಾಟಿ ನಿಲ್ಲುತ್ತದೆ. ಕಡಿಮೆಯಾದರೆ ಕಳೆಯ ಮೇಲೆ ಜಾರುತ್ತದೆ.
3. ಹಿಡಿಕೆಯ ಎತ್ತರ ಹಾಗೂ ಕುಡದ ಆಳವನ್ನು ಬದಲಿಸಲು ಎರಡು ಮೂರು ತೂತುಗಳನ್ನು ಇಡಬೇಕು. ಹಿಡಿಕೆಯು ತಳ್ಳುವವರ ಸೊಂಟದ ಮಟ್ಟಕ್ಕಿದ್ದರೆ ಬೆನ್ನುನೋವು ತಪ್ಪುತ್ತದೆ. ಮನೆಯ ಮಹಿಳೆಯರೂ ಇದನ್ನು ಬಳಸುವುದರಿಂದ ಈ ಅನುಕೂಲ ಅವಶ್ಯಕ.

ಬೆಸುಗೆ ಕ್ರಮ

ಸೈಕಲ್ಲಿನ ಕೊಳವೆ ತೆಳುವಾಗಿದ್ದು, ಹೆಚ್ಚಿನ ವಿದ್ಯುತ್ತಿನಿಂದ ಬೆಸೆದಲ್ಲಿ ತೂತು ಬೀಳುತ್ತದೆ. ಆದ್ದರಿಂದ 2.5 ಮಿ.ಮೀ. ಕಡ್ಡಿಯನ್ನು ಸುಮಾರು 50 ರಿಂದ 70 ಆಂಪಿಯರ್‌ನಲ್ಲಿ ಬಳಸಬೇಕು. ದಪ್ಪ ಪಟ್ಟಿಯನ್ನು ತೆಳು ಕೊಳವೆಗೆ ಸೇರಿಸುವಾಗ, ಕೊಳವೆಯ ಮೇಲೆ ಇನ್ನೊಂದು ದಪ್ಪ ಕೊಳವೆಯ ತುಂಡನ್ನು ತೊಡಿಸಿ ಅದಕ್ಕೆ ಬೆಸೆಯುವುದು ಸೂಕ್ತ. ಒಂದೇ ಬದಿಗೆ ಉದ್ದವಾಗಿ ಬೆಸೆಯದೆ, ಸಣ್ಣ ಸಣ್ಣ ಬೆಸುಗೆಗಳನ್ನು ಎದುರು ಬದಿಗಳಲ್ಲಿ ಹಾಕುತ್ತಾ ಹೋದರೆ ಚೌಕಟ್ಟು ಸೊಟ್ಟಗಾಗುವುದಿಲ್ಲ. ಪ್ರತಿ ಬಾರಿಯೂ ಕಿಟ್ಟವನ್ನು ಕೆರೆದು ತೆಗೆಯಬೇಕು. ಮಳೆಗಾಲದಲ್ಲಿ ತೇವಗೊಂಡ ಕಡ್ಡಿಗಳಿಂದ ಬೆಸುಗೆಯಲ್ಲಿ ರಂಧ್ರಗಳುಂಟಾಗುತ್ತವೆ; ಕಡ್ಡಿಗಳನ್ನು ಒಣಗಿದ ಡಬ್ಬಿಯಲ್ಲಿ ಮುಚ್ಚಿಡತಕ್ಕದ್ದು.

ಕುಡಕ್ಕೆ ಸಾಮಾನ್ಯವಾಗಿ ಹಳೆಯ ವಾಹನದ ಕಮಾನು ಪಟ್ಟಿಯನ್ನು ಬಳಸುತ್ತಾರೆ. ಇದು ಹೆಚ್ಚು ಇಂಗಾಲವಿರುವ ಉಕ್ಕು. ಬಹಳ ದಿನ ಸವೆಯುವುದಿಲ್ಲ. ಆದರೆ ನೇರವಾಗಿ ಬೆಸೆದಾಗ ಬೆಸುಗೆಯ ಅಂಚು ಬೇಗನೆ ತಣಿದು ಗಾಜಿನಂತೆ ಪೆಡಸಾಗುತ್ತದೆ. ಅಂತಹ ಬೆಸುಗೆ ಮೇಲ್ನೋಟಕ್ಕೆ ಚೆನ್ನಾಗಿಯೇ ಕಂಡರೂ ಹೊಲದಲ್ಲಿ ಕಲ್ಲಿಗೆ ತಾಗಿದೊಡನೆ ಮುರಿಯುವ ಸಂಭವವಿದೆ. ಆದ್ದರಿಂದ ಕಮ್ಮಾರರ ಕುಲುಮೆಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೂತು ಹೊಡೆಸಿ, ಬಾಯಿ ಹಣಿಸಿ, ಮೆದು ಉಕ್ಕಿನ ಕಾಲಿಗೆ ಬೋಲ್ಟಿನಿಂದ ಬಿಗಿಯುವುದೇ ಲೇಸು. ಸವೆದಾಗ ಕುಡವನ್ನು ಮಾತ್ರ ಬದಲಿಸಿದರೆ ಸಾಕಾಗುತ್ತದೆ. ಹಿಂದೆ ಸುಗ್ಗಿಯಲ್ಲಿ ಆಯದ ಕಾಳು ಪಡೆದು ರೈತರ ಕುಡ ಹಣಿದು ಕೊಡುತ್ತಿದ್ದ ಕಮ್ಮಾರರ ಕೈಗುಣವು ವೆಲ್ಡಿಂಗ್ ಯಂತ್ರ ಬಂದ ಮೇಲೂ ಅಗತ್ಯವಾಗಿಯೇ ಉಳಿದಿದೆ.

ಸುರಕ್ಷತಾ ಕ್ರಮಗಳು

ಹದದ ದಿನಗಳಲ್ಲಿ ಅಂಗಡಿಗಳ ಮುಂದೆ ರೈತರು ಸಾಲುಗಟ್ಟಿ ನಿಲ್ಲುತ್ತಾರೆ. ಇದೇ ಅವಸರದಲ್ಲಿ ಅಪಘಾತಗಳು ಸಂಭವಿಸುತ್ತವೆ. ಆದ್ದರಿಂದ:

1. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಅದರಲ್ಲಿನ ಅತಿನೇರಳೆ ಕಿರಣಗಳಿಂದಾಗುವ ಕಣ್ಣುರಿ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಕಾಣಿಸಿಕೊಳ್ಳುತ್ತದೆ. ಬೆಸೆಯುವವರು 10 ಅಥವಾ 11 ನೇ ಶ್ರೇಣಿಯ ಕಪ್ಪು ಗಾಜಿನ ಮುಖವಾಡ ಧರಿಸಬೇಕು. ತಂಪು ಕನ್ನಡಕ ಸಾಲದು. ಸಲಕರಣೆಯನ್ನು ಹಿಡಿದು ನಿಂತ ರೈತರೂ ಮುಖ ತಿರುಗಿಸಬೇಕು, ಮಕ್ಕಳನ್ನು ದೂರವಿಡಬೇಕು. ಕಣ್ಣುರಿ ಬಂದಲ್ಲಿ ಕಣ್ಣನ್ನು ಉಜ್ಜದೆ, ಮನೆಮದ್ದು ಹಾಕದೆ ವೈದ್ಯರನ್ನು ಕಾಣಬೇಕು.
2. ಒದ್ದೆ ನೆಲದ ಮೇಲೆ ಅಥವಾ ಒದ್ದೆ ಕೈಗಳಿಂದ ಬೆಸುಗೆ ಮಾಡಬಾರದು. ಒಣ ಹಲಗೆಯ ಮೇಲೆ ನಿಂತು, ಚರ್ಮದ ಕೈಗವಸು, ಬೂಟು ಹಾಗೂ ಹತ್ತಿ ಬಟ್ಟೆ ಧರಿಸಬೇಕು. ವಿದ್ಯುತ್ ತಂತಿಗೆ ಕೊಕ್ಕೆ ಹಾಕಿ ಯಂತ್ರ ನಡೆಸುವುದು ಅಪರಾಧ ಮಾತ್ರವಲ್ಲ, ಪ್ರಾಣಾಪಾಯಕಾರಿ.
3. ಸತುವಿನ ಲೇಪವಿರುವ ನೀರಿನ ಕೊಳವೆಗಳನ್ನು ಬೆಸೆಯುವ ಮೊದಲು ಲೇಪವನ್ನು ಉಜ್ಜಿ ತೆಗೆಯಬೇಕು. ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ.
4. ಡೀಸೆಲ್, ಪೆಟ್ರೋಲ್ ತುಂಬಿದ್ದ ಡಬ್ಬಿ, ಪೀಪಾಯಿಗಳನ್ನು ಖಾಲಿಯಿದ್ದರೂ ಬೆಸೆಯಬಾರದು. ಒಳಗುಳಿದ ಆವಿ ಸ್ಫೋಟಗೊಳ್ಳುತ್ತದೆ.
5. ವಿದ್ಯುದಾಘಾತವಾದಲ್ಲಿ ಮೊದಲು ಮುಖ್ಯ ಸ್ವಿಚ್ ತೆಗೆದು, ನಂತರವೇ ವ್ಯಕ್ತಿಯನ್ನು ಮುಟ್ಟಬೇಕು. 108 ಕ್ಕೆ ಕರೆ ಮಾಡಬೇಕು.

ಸೂಚನೆ

ಮುಂಗಾರು ಬಿತ್ತನೆಗೆ ಮುಂಚೆಯೇ, ಬೇಸಿಗೆಯ ಬಿಡುವಿನಲ್ಲಿ ಎಡೆಕುಂಟೆಯನ್ನು ತಯಾರಿಸಿ ಇಟ್ಟುಕೊಂಡಲ್ಲಿ ಅವಸರವೂ ಅಪಾಯವೂ ತಪ್ಪುತ್ತವೆ. ಬೆಸುಗೆ ವೃತ್ತಿ ಕಲಿಯಬಯಸುವ ಗ್ರಾಮೀಣ ಯುವಕ ಯುವತಿಯರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷ ಅವಧಿಯ ವೆಲ್ಡರ್ ತರಬೇತಿ ಲಭ್ಯವಿದೆ. ಸಾಲಿನ ಅಂತರ, ಕಳೆ ನಿರ್ವಹಣೆ ಹಾಗೂ ಸಲಕರಣೆಗಳ ಕುರಿತು ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬಹುದು.